ಊಟದ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ ಯೇಸುವಿನ ಮಾತು: ಯಾರಿಗೆ, ಎಷ್ಟು, ಹೇಗೆ?

ಪ್ರಶ್ನೆ: ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಯಿ ಸುಲಿದು ಬೀಜ ವಿಂಗಡಿಸುವ ಕಾರ್ಖಾನೆ) ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಯಸ್ಸು 36. ತಾತನ ಕಾಲದಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಆಫೀಸಿನಲ್ಲಿ ಏಳು ಜನ, ಮಧ್ಯಾಹ್ನ ಒಟ್ಟಿಗೆ ಊಟ. ಸೀಸನ್‌ನಲ್ಲಿ ಕಾಳು ಆರಿಸಲು ಸುಮಾರು ನಲವತ್ತು ಹೆಂಗಸರು ಬರುತ್ತಾರೆ, ಅವರ ಹಾಜರಿ, ಕೂಲಿ ನನ್ನ ಕೈಯಲ್ಲೇ. ನನ್ನ ನಂಬಿಕೆಯನ್ನು ಜೊತೆ ಕೆಲಸದವರಿಗೆ ಹೇಳಬೇಕೆಂಬ ಭಾರ ಮನಸ್ಸಿನಲ್ಲಿದೆ. ಹೇಳದಿದ್ದರೆ ಅವರ ರಕ್ತಕ್ಕೆ ನೀನೇ ಹೊಣೆ ಎಂದು ಸಭೆಯಲ್ಲೂ ಕೇಳಿದ್ದೇನೆ. ಎರಡು ತಿಂಗಳ ಹಿಂದೆ ಆಫೀಸಿನ ವಾಟ್ಸಾಪ್ ಗುಂಪಿಗೆ ದಿನಕ್ಕೊಂದು ಬೈಬಲ್ ವಚನ ಹಾಕತೊಡಗಿದೆ. ಇಬ್ಬರು ಗುಂಪು ಬಿಟ್ಟರು, ಮ್ಯಾನೇಜರ್ ಕರೆದು ನಿಲ್ಲಿಸಿ ಅಂದರು. ಆದರೆ ಪಕ್ಕದ ಟೇಬಲ್‌ನ ಮೇಡಂ ಒಬ್ಬರು, ‘ನಮ್ಮ ಮನೆಯವರು ಕುಡಿಯೋದು ಬಿಡಲಿ ಅಂತ ನಿಮ್ಮ ದೇವರ ಹತ್ರ ಕೇಳಿ’ ಎಂದಿದ್ದಾರೆ. ಮುಂದಿನ ವಾರ ಆಯುಧಪೂಜೆ ಬೇರೆ. ಹೇಗೆ ಹೇಳಲಿ, ಎಲ್ಲಿ ನಿಲ್ಲಿಸಲಿ? ಕಾನೂನು ಏನನ್ನುತ್ತದೆ?

ಉತ್ತರ: ಮೊದಲು ವಾಟ್ಸಾಪ್ ಗುಂಪಿನ ವಿಷಯ ಮುಗಿಸಿಬಿಡೋಣ. ಅದು ಹಾಗೇ ಕೂತಿರುವವರೆಗೆ ನೀವು ಬೇರೇನು ಹೇಳಿದರೂ ಅದರ ಬಣ್ಣವೇ ಹತ್ತುತ್ತದೆ. ಆ ಗುಂಪು ಇರುವುದು ಇವತ್ತು ಎಷ್ಟು ಲೋಡ್ ಬಂತು, ಯಾರು ರಜೆ, ಜನರೇಟರ್‌ಗೆ ಡೀಸೆಲ್ ಇದೆಯೇ ಎಂದು ತಿಳಿಸಲು. ಅಲ್ಲಿಂದ ಎದ್ದುಹೋಗುವುದು ಯಾರಿಗೂ ಸುಲಭವಲ್ಲ, ಹೋದರೆ ಕೆಲಸದ ಸುದ್ದಿ ತಪ್ಪುತ್ತದೆ. ಎದ್ದುಹೋಗಲಾರದವರ ಮುಂದೆ ಮಾಡಿದ್ದು ಹಂಚಿಕೊಂಡ ಹಾಗಲ್ಲ, ಮೈಕ್ ಕಟ್ಟಿದ ಹಾಗೆ. ಜೊತೆಗೆ, ಹಿಂದುಮುಂದಿಲ್ಲದ ಒಂದೇ ವಚನ ಬೆಳಿಗ್ಗೆ ಏಳಕ್ಕೆ ಫೋನಿನಲ್ಲಿ ಬಂದರೆ ಓದುವವರಿಗೆ ಅದು ಆಜ್ಞೆಯಂತೆ ಕಾಣುತ್ತದೆ, ಇಲ್ಲವೇ ಗುಡ್ ಮಾರ್ನಿಂಗ್ ಗುಲಾಬಿಯಂತೆ. ಎರಡರಿಂದಲೂ ನಿಮಗೆ ಬೇಕಾದದ್ದು ಆಗಲಿಲ್ಲ.

ಹೀಗೆ ಬರೆಯಿರಿ: ‘ಗುಂಪಿಗೆ ದಿನಾ ವಚನ ಹಾಕಿದ್ದು ನನ್ನ ತಪ್ಪು. ಇದು ಕೆಲಸದ ಗುಂಪು. ಬೇಜಾರಾಗಿದ್ದರೆ ಕ್ಷಮಿಸಿ. ಇನ್ನು ಹಾಕಲ್ಲ.’ ಅಷ್ಟೇ. ಕೊನೆಗೆ ‘ದೇವರು ಎಲ್ಲರನ್ನೂ ಆಶೀರ್ವದಿಸಲಿ’ ಎಂದು ಸೇರಿಸಬೇಡಿ, ಕ್ಷಮೆಯೂ ಇನ್ನೊಂದು ವಚನವಾಗಿಬಿಡುತ್ತದೆ. ಗುಂಪು ಬಿಟ್ಟ ಇಬ್ಬರಿಗೆ ಎದುರು ನಿಂತೇ ಹೇಳಿ, ಫೋನಿನಲ್ಲಿ ಅಲ್ಲ. ನಿಮ್ಮ ಸ್ವಂತ ಸ್ಟೇಟಸ್‌ಗೆ ಏನು ಹಾಕುತ್ತೀರೋ ಅದು ನಿಮ್ಮಿಷ್ಟ, ಬೇಕಾದವರು ತೆರೆದು ನೋಡುತ್ತಾರೆ.

ಇನ್ನು ಆ ‘ರಕ್ತದ ಹೊಣೆ’. ಮಾತು ಬೈಬಲಿನ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 3 ಮತ್ತು 33ನೇ ಅಧ್ಯಾಯದಿಂದ ಬಂದದ್ದು. ಅಲ್ಲಿ ದೇವರು ಅವನನ್ನು ಕಾವಲುಗಾರನಾಗಿ ನಿಲ್ಲಿಸಿದ್ದು ಇಸ್ರಾಯೇಲಿನ ಮನೆತನಕ್ಕೆ, ಅಂದರೆ ಅವನ ಸ್ವಂತ ಜನಕ್ಕೆ. ದೇವರನ್ನು ಬಲ್ಲೆವೆಂದುಕೊಂಡೇ ದಾರಿ ತಪ್ಪಿದವರಿಗೆ ಹೇಳಿದ ಎಚ್ಚರಿಕೆ ಅದು. ಅದನ್ನು ಎತ್ತಿಕೊಂಡು ಹೋಗಿ ಊಟದ ಟೇಬಲ್‌ನ ಆರು ಜನರ ತಲೆಯ ಮೇಲೆ ಇಡುವುದು ಸರಿಯಾದ ಓದಲ್ಲ. ‘ಹೋಗಿ ಎಲ್ಲ ಜನಾಂಗಗಳನ್ನೂ ಶಿಷ್ಯರನ್ನಾಗಿ ಮಾಡಿರಿ’ ಎಂಬ ಮತ್ತಾಯ 28ರ ಅಪ್ಪಣೆ ಇದೆ, ನಿಜ, ಅದನ್ನು ನಿಮ್ಮ ಪಾಸ್ಟರ್ ಮರೆಯದಿರುವುದು ಸರಿಯೇ. ಆದರೆ ಬೇರೆ ನಂಬಿಕೆಯವರ ನಡುವೆ ನಾಲ್ಕಾರು ಜನರಾಗಿ ಬದುಕುವವರು ಏನು ಮಾಡಬೇಕು ಎಂಬುದಕ್ಕೆ ಹೊಸ ಒಡಂಬಡಿಕೆಯಲ್ಲಿ ಬೇರೆಯೇ ಪತ್ರಗಳಿವೆ. 1 ಪೇತ್ರ 3:15, ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದೂ ಸಾತ್ವಿಕವಾಗಿ, ಎನ್ನುತ್ತದೆ. ಉತ್ತರಕ್ಕೆ ಮೊದಲು ಪ್ರಶ್ನೆ ಇರಬೇಕಲ್ಲ! ಕೊಲೊಸ್ಸೆ 4:6 ಕೂಡ ಯಾರಿಗೆ ಹೇಗೆ ಉತ್ತರಿಸಬೇಕು ಎಂಬುದನ್ನೇ ಹೇಳುತ್ತದೆ. ಊರೂರು ಸುತ್ತಿ ಯೇಸುವಿನ ಸಂದೇಶ ಸಾರಿದ ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಹೊಲಿದ. ವಾದ ಮಂಡಿಸಿದ್ದು ಯೆಹೂದ್ಯರ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನಂದು ಸಭಾಮಂದಿರದಲ್ಲಿ (ಅಪೊಸ್ತಲರ ಕೃತ್ಯಗಳು 18:3-4). ಹೊಲಿಗೆಯ ಹೊತ್ತಿಗೆ ಹೊಲಿಗೆ.

ಕೆಲಸದ ಮನೆಯಲ್ಲಿ ನಂಬಿಕೆ ಹೇಳಿಕೊಂಡದ್ದಕ್ಕೆ (ಸಭೆಯ ಮಾತಿನಲ್ಲಿ ‘ಸಾಕ್ಷಿ’) ನನಗೆ ತುಂಬ ಹಿಡಿಸುವ ಕಥೆ 2 ಅರಸುಗಳು 5ರಲ್ಲಿದೆ. ಅರಾಮ್ ದೇಶದ ಸೇನಾಪತಿ ನಾಮಾನನ ಮನೆಯಲ್ಲಿ ಸೆರೆಯಾಳಾಗಿ ಬಂದ ಚಿಕ್ಕ ಹುಡುಗಿ ತನ್ನ ಒಡತಿಗೆ ಹೇಳಿದ್ದು ಒಂದೇ ವಾಕ್ಯ: ನನ್ನ ದಣಿ ಸಮಾರ್ಯದಲ್ಲಿರುವ ಪ್ರವಾದಿಯ ಹತ್ತಿರ ಹೋಗಿದ್ದರೆ ಎಷ್ಟೋ ಒಳ್ಳೆಯದಿತ್ತು, ಕುಷ್ಠ ವಾಸಿಯಾಗುತ್ತಿತ್ತು. ಆಮೇಲೆ ಅವಳ ಮಾತೇ ಇಲ್ಲ, ಹೆಸರೂ ಇಲ್ಲ. ನೋವು ಎಲ್ಲಿದೆ ಎಂದು ನೋಡಿ, ಅದಕ್ಕೆ ತಕ್ಕ ಒಂದು ಮಾತು ಆಡಿ, ಸುಮ್ಮನಾದಳು. ನಿಮಗೂ ಇದೇ ಅಳತೆ ಸಾಕು: ಕೇಳಿದವರಿಗೆ, ಕೇಳಿದಷ್ಟು, ಕೆಲಸದ ಹೊತ್ತು ಬಿಟ್ಟು, ಕೊಡು-ತಗೊಳ್ಳು ಏನೂ ಇಲ್ಲದೆ.

ಹಾಗಾದರೆ ಯಾರೂ ಕೇಳದಿದ್ದರೆ? ಕೇಳುವ ಹಾಗೆ ಇರಬೇಕು, ಅದು ನಿಮ್ಮ ಪುಸ್ತಕದಲ್ಲೇ ಶುರುವಾಗುತ್ತದೆ. ನಿಮ್ಮದು ಕ್ಯೂರಿಂಗ್. ಬೆಳೆಗಾರ ಚೆರ್ರಿ (ಒಣಗಿದ ಕಾಫಿ ಕಾಯಿ) ಮೂಟೆ ತಂದು ಇಳಿಸುತ್ತಾನೆ, ಸ್ಯಾಂಪಲ್ ತೆಗೆದು ಓಟಿ, ಅಂದರೆ ಒಂದು ಮೂಟೆ ಕಾಯಿಗೆ ಎಷ್ಟು ಕೆಜಿ ಶುದ್ಧ ಬೀಜ ಸಿಗುತ್ತದೆ ಎಂಬ ಅಂಕಿ, ಬರೆಯುತ್ತೀರಿ. 50 ಕೆಜಿ ಮೂಟೆಗೆ ಓಟಿ 26 ಬರಬೇಕಾದ ಕಾಯಿಗೆ 25 ಎಂದು ಬರೆದರೆ ನೂರು ಮೂಟೆಗೆ ನೂರು ಕೆಜಿ ಶುದ್ಧ ಬೀಜ ಅವನ ಕೈಬಿಟ್ಟಿತು. ತೇವಾಂಶದ ಮೀಟರ್ ಕೂಡ ಹಾಗೆಯೇ, ಅರ್ಧ ಪರ್ಸೆಂಟ್ ಅತ್ತಿತ್ತ ಮಾಡಿದರೆ ಯಾರಿಗೂ ಗೊತ್ತಾಗದು. ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ ಎಂದು ಜ್ಞಾನೋಕ್ತಿ 11:1 ಹೇಳುವುದು ಇದನ್ನೇ. ಬೆಳೆಗಾರರಲ್ಲಿ ‘ಆ ರೈಟರ್ ಇದ್ದ ದಿನ ಕಾಯಿ ಹಾಕಿ’ ಎಂಬ ಮಾತು ಹುಟ್ಟಿದರೆ ಪ್ರಶ್ನೆಗಳು ತಾವಾಗಿ ಬರುತ್ತವೆ. ಇನ್ನೊಂದು, ರಜೆ. ಸೀಸನ್‌ನಲ್ಲಿ ಕ್ರಿಸ್‌ಮಸ್ ಬರುತ್ತದೆ, ಆಗಲೇ ನಿಮಗೆ ರಜೆ ಬೇಕು. ಹಾಗಿದ್ದರೆ ಗೌರಿ-ಗಣೇಶಕ್ಕೆ, ದೀಪಾವಳಿಗೆ, ಯುಗಾದಿಗೆ ‘ನೀವು ಊರಿಗೆ ಹೋಗಿ ಬನ್ನಿ, ನಾನು ನೋಡ್ಕೋತೀನಿ’ ಎಂದು ಕೇಳುವ ಮೊದಲೇ ನೀವಾಗಿ ಹೇಳಿ. ಪ್ರತಿ ಭಾನುವಾರ ತಪ್ಪಿಸಿಕೊಂಡು ಬಾಕಿ ದಿನವೂ ಗಡಿಯಾರ ನೋಡುವವನ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ.

ನಲವತ್ತು ಹೆಂಗಸರ ವಿಷಯಕ್ಕೆ ಬರೋಣ, ಇಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ: ಅವರಿಗೆ ನೀವಾಗಿ ಏನೂ ಹೇಳಬೇಡಿ. ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿದೆ. ಅರ್ಧ ದಿನದ ಕೂಲಿ ಹಿಡಿಯುವುದೋ ಬಿಡುವುದೋ ನಿಮ್ಮ ಪೆನ್ನಿಗೆ ಬಿಟ್ಟದ್ದು. ಅಂಥವರು ನಿಮ್ಮ ಮಾತಿಗೆ ‘ಹೌದು ಸಾರ್’ ಎಂದರೆ ಅದು ಯೇಸುವಿಗೆ ಹೇಳಿದ ಹೌದೋ, ಹಾಜರಿಗೆ ಹೇಳಿದ ಹೌದೋ ಅವರಿಗೇ ತಿಳಿಯದು. ಬೇಡ ಎನ್ನಲಾರದವರ ಹೌದಿಗೆ ತೂಕವಿಲ್ಲ. ಕರಪತ್ರ, ಕ್ಯಾಲೆಂಡರ್, ಕ್ರಿಸ್‌ಮಸ್‌ಗೆ ಸೀರೆ, ಒಂದೂ ಬೇಡ. ಕೇಕ್ ಹಂಚುವುದಾದರೆ ಎಲ್ಲರಿಗೂ ಒಂದೇ ಅಳತೆ, ಮಾತಿಲ್ಲದೆ. ಅವರಲ್ಲೇ ಯಾರಾದರೂ ಬಂದು ಕೇಳಿದರೆ, ‘ಅಕ್ಕ, ನಿಮ್ಮ ಕೂಲಿ ಬರೆಯೋನು ನಾನು, ಇದನ್ನ ನನ್ನ ಹತ್ರ ಮಾತಾಡೋದು ಬೇಡ. ಬೇಕಾದ್ರೆ ಚರ್ಚ್‌ನಲ್ಲಿ ಪಾಸ್ಟರ್ ಅಮ್ಮನವರು ಇದ್ದಾರೆ, ಭಾನುವಾರ ಸಿಗ್ತಾರೆ’ ಎಂದು ಸಂಬಳದ ಸಾಲಿನ ಹೊರಗಿನವರ ಕಡೆ ಕಳಿಸಿ. ನಿಮ್ಮ ಮೇಲಿನವರ, ಸಮಾನರ ವಿಷಯ ಬೇರೆ, ಅವರು ನಿಮಗೆ ‘ಸಾಕು ಮಾರಾಯ್ರೆ’ ಎನ್ನಬಲ್ಲರು.

ಈಗ ಊಟದ ಟೇಬಲ್. ಇರುವುದು ಅರ್ಧ ಗಂಟೆ, ಅದರಲ್ಲಿ ನಿಮ್ಮ ಮಾತಿಗೆ ಎರಡು ನಿಮಿಷ. ಸಾಮಾನ್ಯವಾಗಿ ಬರುವ ಪ್ರಶ್ನೆ, ‘ಏನ್ ಸಾರ್, ಒಂದ್ ಭಾನುವಾರಾನೂ ಚರ್ಚ್ ತಪ್ಪಿಸಲ್ವಲ್ಲ?’ ಇದಕ್ಕೆ ಹೆಚ್ಚಿನವರು ಕೊಡುವ ಉತ್ತರ: ‘ನಾವೆಲ್ಲ ಪಾಪಿಗಳು, ಯೇಸು ನಮ್ಮ ರಕ್ಷಕ, ಆತನ ರಕ್ತದಿಂದ ರಕ್ಷಣೆ ಹೊಂದಿ ಹೊಸದಾಗಿ ಹುಟ್ಟಬೇಕು.’ ಪ್ರತಿಯೊಂದು ಪದವೂ ಸತ್ಯವೇದದ್ದೇ (ಬೈಬಲಿನದೇ), ಆದರೆ ಕೇಳಿದವರ ಕಿವಿಗೆ ಬಿದ್ದದ್ದೇ ಬೇರೆ. ಕನ್ನಡದಲ್ಲಿ ‘ಪಾಪ’ ಎಂದರೆ ಮೊದಲು ಅಯ್ಯೋ ಪಾಪ. ‘ಪಾಪಿ’ ಎಂದರೆ ಬೈಗುಳ. ‘ರಕ್ಷಣೆ’ ಎಂದರೆ ಪೊಲೀಸ್ ರಕ್ಷಣೆ. ‘ಹೊಸದಾಗಿ ಹುಟ್ಟು’ ಎಂದರೆ ಪುನರ್ಜನ್ಮ, ಅದು ಅವರಿಗೆ ಬಿಡುಗಡೆಯಲ್ಲ, ಅದರಿಂದಲೇ ಬಿಡುಗಡೆ ಬೇಕು! ‘ಸಾಕ್ಷಿ’ ಎಂದರೆ ಕೋರ್ಟು ಕಟ್ಟೆ. ‘ಸುವಾರ್ತೆ’ ನಮಗೆ ಮನೆಮಾತು, ಹೊರಗಿನವರಿಗೆ ಪೋಸ್ಟರಿನ ಪದ, ಕಥೊಲಿಕರಲ್ಲಿ ‘ಶುಭಸಂದೇಶ’ ಎನ್ನುವುದೂ ಉಂಟು. ಎಲ್ಲಕ್ಕಿಂತ ಕೆಟ್ಟದ್ದು ‘ಅನ್ಯಜನರು’. ಸತ್ಯವೇದದಲ್ಲಿ ಯೆಹೂದ್ಯರಲ್ಲದವರಿಗೆ ಇದ್ದ ಪದ ನಮ್ಮ ಸಭೆಗಳಲ್ಲಿ ಕ್ರೈಸ್ತರಲ್ಲದವರಿಗೆ ಅಂಟಿಕೊಂಡಿದೆ. ಎದುರು ಕೂತು ಸಾರು ಹಂಚಿಕೊಂಡವರ ಬಗ್ಗೆ ಫೋನಿನಲ್ಲಿ ‘ಇಲ್ಲಿ ಎಲ್ಲ ಅನ್ಯಜನರು’ ಎಂದದ್ದು ಅವರ ಕಿವಿಗೆ ಬಿದ್ದರೆ ಅಲ್ಲಿಗೆ ಮುಗಿಯಿತು.

ಸಭೆಯ ಮಾತು ಬಿಟ್ಟು ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ: ‘ವಾರ ಪೂರ್ತಿ ಲೆಕ್ಕ ತಪ್ಪಬಾರದು ಅಂತಲೇ ತಲೆ ಓಡ್ತಿರುತ್ತೆ ಸಾರ್. ಮನೆಯಲ್ಲೂ ಹಾಗೇ, ಯಾರು ಏನ್ ತಪ್ಪು ಮಾಡಿದ್ರು ಅಂತ ಲೆಕ್ಕ ಇಡ್ತೀನಿ. ನಾನು ಮಾಡಿದ್ದು ಮಾತ್ರ ಮರೆತುಬಿಡ್ತೀನಿ. ಯೇಸು ನನ್ನ ಲೆಕ್ಕ ತೀರಿಸಿದಾನೆ ಅನ್ನೋದು ನಮ್ಮ ನಂಬಿಕೆ. ಅದನ್ನ ಮತ್ತೆ ನೆನಪು ಮಾಡ್ಕೊಳ್ಳೋಕೆ ಹೋಗ್ತೀನಿ.’ ಇಷ್ಟು ಹೇಳಿ ಉಪ್ಪಿನಕಾಯಿ ಆ ಕಡೆ ಸರಿಸಿ. ಅವರು ಮತ್ತೆ ಕೇಳಿದರೆ ಮುಂದಿನ ಮಾತು, ಕೇಳದಿದ್ದರೆ ಮಳೆ, ರೇಟು, ಕ್ರಿಕೆಟ್. ತಾತನ ಕಾಲದಿಂದ ಕ್ರೈಸ್ತರಾದ ನಿಮಗೆ ‘ಹೀಗಿದ್ದೆ, ಹೀಗಾದೆ’ ಎಂಬ ನಾಟಕೀಯ ಕಥೆ ಇರದು, ಇಲ್ಲದ್ದನ್ನು ಕಟ್ಟಬೇಡಿ. ಎ4 ಹಾಳೆಯ ಒಂದು ಬದಿಯಲ್ಲಿ, ಕೈಬರಹದಲ್ಲಿ, ನಿಮ್ಮದೇ ಮೂರು ವಿಷಯ ಬರೆದುಕೊಳ್ಳಿ: ಯಾವುದಕ್ಕೆ ಹೆದರುತ್ತಿದ್ದೆ, ಯೇಸುವಿನ ಯಾವ ಮಾತು ಹಿಡಿಯಿತು, ಈಗಲೂ ಯಾವುದರಲ್ಲಿ ಎಡವುತ್ತೇನೆ. ಮೂರನೆಯದನ್ನು ಬಿಟ್ಟರೆ ಅದು ಜಾಹೀರಾತು. ಬರೆದದ್ದನ್ನು ಕ್ರೈಸ್ತರಲ್ಲದ ಗೆಳೆಯರೊಬ್ಬರಿಗೆ ಓದಿ ಹೇಳಿ, ಅರ್ಥವಾಗದ ಪದಕ್ಕೆಲ್ಲ ಗೆರೆ ಎಳೆಸಿ. ಐದು ಗೆರೆಗಿಂತ ಹೆಚ್ಚು ಬಿದ್ದರೆ ಮತ್ತೆ ಬರೆಯಿರಿ.

ವಾದಕ್ಕಿಂತ ಕಥೆ ಚೆನ್ನಾಗಿ ಕೂರುತ್ತದೆ. ನಮ್ಮ ಕಡೆಗೆ ಹೇಳಿ ಮಾಡಿಸಿದ ಕಥೆ ಮತ್ತಾಯ 20:1-16. ದ್ರಾಕ್ಷಿ ತೋಟದ ಯಜಮಾನ ಬೆಳಗಾಗುತ್ತಲೇ ಆಳು ಕರೆಯುತ್ತಾನೆ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಕರೆಯುತ್ತಾನೆ. ಸಂಜೆ ಐದಕ್ಕೂ ಪೇಟೆಯಲ್ಲಿ ಕೆಲಸ ಸಿಗದೆ ನಿಂತವರನ್ನು ಕರೆತರುತ್ತಾನೆ. ಬಟವಾಡೆ ಹೊತ್ತಿಗೆ ಐದಕ್ಕೆ ಬಂದವರಿಗೂ ಪೂರ್ತಿ ದಿನದ ಕೂಲಿ. ಇದನ್ನು ಕಾಫಿ ಕುಯ್ಲಿನ ಲೆಕ್ಕ ಗೊತ್ತಿರುವವರ ಮುಂದೆ ಹೇಳಿ ನೋಡಿ: ‘ಇದ್ಯಾವ ನ್ಯಾಯ, ನಾಳೆ ಬೆಳಿಗ್ಗೆ ಯಾರು ಬರ್ತಾರೆ?’ ಎಂದು ಮೇಸ್ತ್ರಿಯೇ ಮೊದಲು ಏಳುತ್ತಾನೆ. ಇನ್ನೊಬ್ಬರು, ‘ಸಂಜೆ ತನಕ ಯಾರೂ ಕರೀಲಿಲ್ಲ ಅಂದ್ರೆ ಮನೇಲಿ ಮಕ್ಕಳಿಗೆ ಊಟ ಬೇಡ್ವಾ?’ ಎನ್ನುತ್ತಾರೆ. ಕೃಪೆ ಎಂಬ ಪದವನ್ನು ನೀವು ಬಾಯಿಬಿಟ್ಟು ಹೇಳದೆಯೇ ಚರ್ಚೆ ಅದರ ಮೇಲೆ ನಿಂತಿರುತ್ತದೆ. ತೀರ್ಪು ಕೊಡಬೇಡಿ. ‘ಯೇಸು ಹೇಳಿದ ಕಥೆ ಇದು, ಆ ಯಜಮಾನ ದೇವರು ಅಂತೆ’ ಎಂದು ಬಿಟ್ಟುಬಿಡಿ. ಲೂಕ 15ರಲ್ಲಿ ಆಸ್ತಿ ಪಾಲು ತಗೊಂಡು ಹೋಗಿ ಕಳೆದು ಮರಳಿದ ಮಗ, ಮನೆಯಲ್ಲೇ ಉಳಿದ ಅಣ್ಣ, ಈ ಇಬ್ಬರ ಕಥೆಯೂ ಹಾಗೆಯೇ, ಆಸ್ತಿ ಪಾಲು ಗೊತ್ತಿಲ್ಲದ ಮನೆ ಯಾವುದಿದೆ?

ಕೇಳುವ ಇತರ ಪ್ರಶ್ನೆಗಳಲ್ಲಿ ‘ಎಲ್ಲ ದೇವರೂ ಒಂದೇ ಅಲ್ವಾ?’ ಎಂಬುದಕ್ಕೆ ಅಲ್ಲ ಎಂದು ಮುಖಕ್ಕೆ ಹೊಡೆಯಬೇಕಿಲ್ಲ, ಹೌದು ಎಂದು ಸುಳ್ಳಾಡಲೂಬೇಕಿಲ್ಲ. ‘ನಾನು ಹಾಗೆ ನಂಬಿಲ್ಲ, ಆದರೆ ನಿಮ್ಮ ಭಕ್ತಿಯನ್ನ ಹಗುರ ಮಾಡಲ್ಲ’ ಎಂದರೆ ಎರಡೂ ಉಳಿಯಿತು. ‘ನಿಮ್ಮಲ್ಲೂ ಜಾತಿ ಇದೆಯಂತೆ?’ ಎಂದರೆ ಇದೆ ಎಂದೇ ಒಪ್ಪಿಕೊಳ್ಳಿ. ಮದುವೆ ಮಾತುಕತೆಯಲ್ಲಿ ಇದೆ, ಅದು ನಮ್ಮ ಸೋಲು. ‘ವಿದೇಶಿ ಧರ್ಮ’ ಎಂಬ ಮಾತಿಗೆ ಸಿಟ್ಟಾಗಬೇಡಿ. ಮಳೆಗಾಲದಲ್ಲಿ ಆಫೀಸಿನವರೆಲ್ಲ ಹಾಸನದ ಕಡೆ ಶೆಟ್ಟಿಹಳ್ಳಿಗೆ ಹೋಗಿ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಚರ್ಚಿನ ಫೋಟೊ ತೆಗೆಯುತ್ತಾರಲ್ಲ, ಅದು 19ನೇ ಶತಮಾನದ್ದು. ಕಟ್ಟಿಸಿದವರು ಫ್ರೆಂಚ್ ಮಿಷನರಿಗಳು ನಿಜ, ಅಲ್ಲಿ ಕೂತು ಪ್ರಾರ್ಥಿಸಿದವರು ಇದೇ ಮಣ್ಣಿನ ಒಕ್ಕಲು ಮಕ್ಕಳು. ಅಣೆಕಟ್ಟಿಗೆ ಊರು ಬಿಟ್ಟವರಲ್ಲಿ ಅವರೂ ಇದ್ದರು. ಬಾಬಾಬುಡನ್‌ಗಿರಿ-ದತ್ತಪೀಠದ ಚರ್ಚೆ ಎದ್ದಾಗ ಮಾತ್ರ ಬಾಯಿಗೆ ಅನ್ನ ಹಾಕಿಕೊಳ್ಳಿ, ಅದು ನಿಮ್ಮ ವಿಷಯವಲ್ಲ. ದತ್ತ ಜಯಂತಿ ಮಾರ್ಗಶಿರ ಹುಣ್ಣಿಮೆಗೆ, ಹೆಚ್ಚಾಗಿ ಡಿಸೆಂಬರ್‌ನಲ್ಲೇ ಬರುತ್ತದೆ, ಆ ವಾರ ಊರೆಲ್ಲ ಬಂದೋಬಸ್ತು. ಕ್ರಿಸ್‌ಮಸ್ ಊಟಕ್ಕೆ ಕರೆಯುವುದಾದರೆ ಅದು ಕಳೆದ ಮೇಲೆ ಕರೆಯಿರಿ, ಕರೆದರೆ ಊಟಕ್ಕೇ ಕರೆಯಿರಿ. ಊಟವೆಂದು ಕರೆದು ಪಾಸ್ಟರನ್ನು ಕೂರಿಸಿ ಪ್ರಸಂಗ ಕೇಳಿಸುವುದು ಮೋಸ.

ಪಕ್ಕದ ಟೇಬಲ್‌ನ ಮೇಡಂ ನಿಜವಾಗಿ ಕೇಳಿದ್ದಾರೆ. ಅದಕ್ಕೆ ಸಭೆಯ ಪ್ರಾರ್ಥನಾ ಪಟ್ಟಿಯಲ್ಲಿ ಹೆಸರು ಬರೆಸುವುದು ಮೊದಲ ತಪ್ಪು. ಚಿಕ್ಕ ಊರು, ಸಂಜೆಯೊಳಗೆ ‘ಅವರ ಯಜಮಾನರು ಕುಡೀತಾರಂತೆ’ ಎಂದು ಮೂರು ಬೀದಿ ದಾಟಿರುತ್ತದೆ. ನೀವೊಬ್ಬರೇ ಮನೆಯಲ್ಲಿ ಪ್ರಾರ್ಥಿಸಿ, ವಾರ ಕಳೆದು ‘ಹೇಗಿದ್ದಾರೆ?’ ಎಂದು ಕೇಳಿ. ಕೇಳುವುದನ್ನು ಮರೆತರೆ ಪ್ರಾರ್ಥಿಸಿದೆ ಎಂಬುದನ್ನು ಅವರು ನಂಬುವುದಿಲ್ಲ. ಈಗಲೇ, ಇಲ್ಲೇ ಮಾಡಿ ಎಂದರೆ, ಬಾಗಿಲು ತೆರೆದಿರುವ, ಮತ್ತೊಬ್ಬರು ಕಾಣುವ ಜಾಗದಲ್ಲಿ, ಅರ್ಧ ನಿಮಿಷ, ಮೆಲುದನಿಯಲ್ಲಿ. ತಲೆ ಮೇಲೆ ಕೈ ಇಡಬೇಡಿ. ಕಣ್ಣು ಮುಚ್ಚಲು ಹೇಳಬೇಡಿ. ‘ಯೇಸುವೇ, ಇವರ ಮನೆಯವರಿಗೆ ಕುಡಿತ ಬಿಡುವ ಶಕ್ತಿ ಕೊಡು. ಮಕ್ಕಳಿಗೆ ನೆಮ್ಮದಿ ಕೊಡು. ಇವರಿಗೆ ಧೈರ್ಯ ಕೊಡು. ಆಮೆನ್.’ ಪ್ರಾರ್ಥನೆಯೊಳಗೆ ಪ್ರಸಂಗ ಸೇರಿಸಬೇಡಿ, ದೇವರಿಗೆ ಹೇಳುವ ನೆಪದಲ್ಲಿ ಅವರಿಗೆ ಬುದ್ಧಿ ಹೇಳುವ ಅಭ್ಯಾಸ ನಮ್ಮಲ್ಲಿ ಬಹಳ. ಬಿಡುತ್ತಾರೆ ಎಂದು ಮಾತು ಕೊಡಬೇಡಿ. ಕುಡಿತ ಕಾಯಿಲೆ. ವರ್ಷಗಳಿಂದ ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಅದಕ್ಕೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ವಿಭಾಗ ತೋರಿಸಿ, ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446 ಬರೆದುಕೊಡಿ. ಧರ್ಮಸ್ಥಳ ಯೋಜನೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ, ಆ ಮನೆಗೆ ಅದು ಹೊಂದಿದರೆ ಅದನ್ನೇ ಹೇಳಿ. ದೇವಸ್ಥಾನದ ಕಡೆಯದು ಎಂದು ನೀವು ಬಾಯಿ ಕಟ್ಟಿಕೊಂಡರೆ ನಿಮಗೆ ಬೇಕಿದ್ದದ್ದು ಅವರ ಗಂಡ ಗುಣವಾಗುವುದಲ್ಲ, ನಿಮ್ಮ ಕಡೆ ಬರುವುದು ಎಂದಾಯಿತು. ಗಂಡಸರಾದ ನೀವು ಈ ಮಾತನ್ನು ಮುಂದಕ್ಕೆ ಒಬ್ಬರೇ ಎಳೆಯಬೇಡಿ, ನಿಮ್ಮ ಮನೆಯವರನ್ನೋ ಸಭೆಯ ಹಿರಿಯ ಹೆಂಗಸರನ್ನೋ ಪರಿಚಯಿಸಿ. ರಾತ್ರಿ ಮೆಸೇಜು ಖಂಡಿತ ಬೇಡ.

ಕಾನೂನಿಗೆ ಬಂದರೆ, ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರವೆಂದರೆ ತನ್ನ ಧರ್ಮದ ತತ್ವ ವಿವರಿಸುವುದು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ನಮ್ಮಲ್ಲಿ ಇದರ ಮೇಲೆ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, 2022 ಬಂತು, ಜನ ‘ಮತಾಂತರ ನಿಷೇಧ ಕಾಯ್ದೆ’ ಎನ್ನುವುದು ಇದನ್ನೇ. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಇದನ್ನು ಹಿಂಪಡೆಯಲು ತೀರ್ಮಾನಿಸಿದ್ದನ್ನು ಕೇಳಿ ‘ಕಾಯ್ದೆ ಹೋಯ್ತಲ್ಲ’ ಎನ್ನುವವರಿದ್ದಾರೆ. ಸಂಪುಟದ ತೀರ್ಮಾನದಿಂದ ಕಾಯ್ದೆ ಹೋಗದು, ರದ್ದತಿ ಮಸೂದೆ ಎರಡೂ ಸದನ ದಾಟಿ ಗೆಜೆಟ್‌ಗೆ ಬರಬೇಕು. ಅದನ್ನು ವಕೀಲರಲ್ಲಿ ಖಚಿತಪಡಿಸಿಕೊಳ್ಳುವವರೆಗೆ ಕಾಯ್ದೆ ಇದೆ ಎಂದುಕೊಂಡೇ ನಡೆಯಿರಿ.

ನಿಮಗೆ ಮುಖ್ಯವಾದದ್ದು ಅದರ ಎರಡು ಕಡೆ ಇದೆ. ಒಂದು, ‘ಆಮಿಷ’ದ ಅರ್ಥವಿವರಣೆ. ಹಣ, ಉಡುಗೊರೆ, ಕೆಲಸ, ಉಚಿತ ಶಿಕ್ಷಣ ಮಾತ್ರವಲ್ಲ, ಉತ್ತಮ ಜೀವನದ ಭರವಸೆ, ದೈವಕೋಪದ ಮಾತು, ಒಂದು ಧರ್ಮದ ಆಚರಣೆಯನ್ನು ಇನ್ನೊಂದರ ಎದುರು ಕೀಳಾಗಿ ತೋರಿಸುವುದು, ಹೊಗಳಿ ಮೇಲೇರಿಸುವುದು ಕೂಡ ಅದರೊಳಗೆ ಬರುತ್ತದೆ. ‘ನಂಬದಿದ್ದರೆ ನರಕ’ ಎಂಬ ಒಂದು ಸಾಲು ಸಾಕು. ಎರಡು, ದೂರು ಕೊಡಬಹುದಾದವರ ಸಾಲಿನಲ್ಲಿ ತಂದೆತಾಯಿ, ಒಡಹುಟ್ಟಿದವರು, ನೆಂಟರ ಜೊತೆಗೆ ಸಹೋದ್ಯೋಗಿಯೂ ಇದ್ದಾರೆ. ಅಪರಾಧ ಜಾಮೀನುರಹಿತ, ಬಲವಂತವಾಗಲೀ ಆಮಿಷವಾಗಲೀ ಇರಲಿಲ್ಲ ಎಂದು ತೋರಿಸುವ ಹೊರೆ ಆರೋಪ ಹೊತ್ತವರದ್ದು. ಶಿಕ್ಷೆ 3ರಿಂದ 5 ವರ್ಷ ಮತ್ತು ಕನಿಷ್ಠ 25,000 ರೂಪಾಯಿ ದಂಡ. ಮಹಿಳೆಯರು, ಅಪ್ರಾಪ್ತರು, ಪರಿಶಿಷ್ಟ ಜಾತಿ-ಪಂಗಡದವರ ವಿಷಯದಲ್ಲಿ 3ರಿಂದ 10 ವರ್ಷ, ಕನಿಷ್ಠ 50,000. ಕಾಳು ಆರಿಸುವವರ ಬಗ್ಗೆ ಮೇಲೆ ಹೇಳಿದ್ದು ಕಾನೂನಿಗೆ ಹೆದರಿ ಅಲ್ಲ, ಆದರೆ ಕಾನೂನೂ ಅಲ್ಲೇ ಬಂದು ನಿಲ್ಲುತ್ತದೆ. ಇದಲ್ಲದೆ ಭಾರತೀಯ ನ್ಯಾಯ ಸಂಹಿತೆಯ 302ನೇ ಕಲಂ, ಧಾರ್ಮಿಕ ಭಾವನೆ ನೋಯಿಸಬೇಕೆಂದೇ ಆಡಿದ ಮಾತಿಗೆ ಒಂದು ವರ್ಷದವರೆಗೆ ಶಿಕ್ಷೆ ಹೇಳುತ್ತದೆ.

ಸಮಾನರಲ್ಲಿ ಯಾರಾದರೂ ಓದಬೇಕೆಂದು ಕೇಳಿದರೆ ಒಂದೇ ಪ್ರತಿ, ಮಾರ್ಕನ ಸುವಾರ್ತೆ. 16 ಅಧ್ಯಾಯ, ಎರಡು ಗಂಟೆಯ ಓದು. ಬ್ಯಾಗಿನಲ್ಲಿ ಕಟ್ಟು ಕಟ್ಟಿ ತರಬೇಡಿ. ಅದಕ್ಕೂ ಮುಂದೆ ಹೋಗಿ ಕ್ರೈಸ್ತರಾಗಬೇಕೆಂದರೆ ನಿಮ್ಮ ಮೊದಲ ಮಾತು ‘ಮನೆಯಲ್ಲಿ ಹೇಳಿದ್ದೀರಾ?’ ಎಂದಿರಲಿ. ಗಂಡ ಅಥವಾ ಹೆಂಡತಿಗೆ ಗೊತ್ತಿಲ್ಲದ ನಂಬಿಕೆಗೆ ನೀವು ಜೊತೆಗಾರರಾಗಬೇಡಿ. ಆ ಕಾಯ್ದೆಯ ಪ್ರಕಾರ ಮತಾಂತರಕ್ಕೆ ಕನಿಷ್ಠ 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕು, ದೀಕ್ಷೆ ಕೊಡುವವರೂ ಬೇರೆ ನಮೂನೆಯಲ್ಲಿ ತಿಳಿಸಬೇಕು. ಅದು ನೋಟಿಸ್ ಬೋರ್ಡಿಗೆ ಬರುತ್ತದೆ. ಆಮೇಲೆ 30 ದಿನದೊಳಗೆ ಇನ್ನೊಂದು ಘೋಷಣೆ. ಪರಿಶಿಷ್ಟ ಜಾತಿಯವರಾದರೆ ಒಂದು ಸತ್ಯ ಮುಚ್ಚಿಡಬಾರದು: 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಆ ಸ್ಥಾನಮಾನ. ಕ್ರೈಸ್ತರಾದರೆ ಅದು ಹೋಗುತ್ತದೆ, ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಬರುತ್ತಾರೆ. ಪರಿಶಿಷ್ಟ ಪಂಗಡಕ್ಕೆ ಈ ನಿಯಮವಿಲ್ಲ. ಮಕ್ಕಳ ಸೀಟು, ಹಾಸ್ಟೆಲು, ಕೆಲಸ ಎಲ್ಲಕ್ಕೂ ತಾಗುವ ವಿಷಯ ಇದು. ‘ಸರ್ಟಿಫಿಕೇಟ್ ಹಾಗೇ ಇರಲಿ, ಹೃದಯದಲ್ಲಿ ನಂಬಿದರೆ ಸಾಕು’ ಎಂದು ಸಲಹೆ ಕೊಡುವವರಿದ್ದಾರೆ. ಅದು ಅವರನ್ನು ಎರಡು ಕಡೆಯೂ ಸಿಕ್ಕಿಸುವ ಸಲಹೆ.

ಯಾರಾದರೂ ಮ್ಯಾನೇಜರಿಗೆ ದೂರು ಕೊಟ್ಟರೆ ಅವತ್ತೇ ಮಾತು ನಿಲ್ಲಿಸಿ. ದೂರು ಏನೆಂದು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರಿಸಿ. ಏನು, ಯಾವತ್ತು, ಯಾರ ಎದುರು ಎಂದು ಬರೆದಿಟ್ಟುಕೊಳ್ಳಿ. ಸಭೆಯವರನ್ನು ಗೇಟಿನ ಮುಂದೆ ಸೇರಿಸಬೇಡಿ. ಉಚಿತ ಕಾನೂನು ಸಲಹೆಗೆ ಜಿಲ್ಲಾ ನ್ಯಾಯಾಲಯದ ಆವರಣದ ಕಾನೂನು ಸೇವಾ ಪ್ರಾಧಿಕಾರ, ಫೋನ್ 15100. ಹೊರಗಿನವರು ಬಂದು ಫೋನಿನಲ್ಲಿ ವಿಡಿಯೊ ಹಿಡಿದು ಪ್ರಶ್ನಿಸಿದರೆ ವಾದಿಸದೆ 112.

ಕೊನೆಗೆ ಆಯುಧಪೂಜೆ, ದಿನ ಹತ್ತಿರ ಬಂದಿದೆ. ಪ್ರಸಾದದ ವಿಷಯದಲ್ಲಿ ಕ್ರೈಸ್ತರೆಲ್ಲ ಒಂದೇ ರೀತಿ ನಡೆಯುವುದಿಲ್ಲ. 1 ಕೊರಿಂಥ 10:25-29ರಲ್ಲಿ ಪೌಲ, ಮುಂದಿಟ್ಟದ್ದನ್ನು ವಿಚಾರಿಸದೆ ತಿನ್ನಿರಿ ಎನ್ನುತ್ತಾನೆ, ಆದರೆ ಇದು ಅರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ, ತಿಳಿಸಿದವನ ಸಲುವಾಗಿ ಬೇಡ ಎನ್ನುತ್ತಾನೆ. ನಾಮಾನ ಗುಣವಾದ ಮೇಲೂ ತನ್ನ ಅರಸನ ಜೊತೆ ರಿಮ್ಮೋನನ ಗುಡಿಗೆ ಹೋಗಬೇಕಾದೀತಲ್ಲ ಎಂದು ಅಳುಕಿ ಕೇಳಿದಾಗ ಆ ಸಮಾರ್ಯದ ಪ್ರವಾದಿ ಎಲೀಷ, ಸಮಾಧಾನದಿಂದ ಹೋಗು ಎಂದಷ್ಟೇ ಹೇಳಿದ. ನಿಮ್ಮ ಮನಸ್ಸು ಎಲ್ಲಿ ಒಪ್ಪುತ್ತದೆ ಎಂದು ಮನೆಯಲ್ಲೇ ನಿರ್ಧರಿಸಿಕೊಳ್ಳಿ, ಮಂಗಳಾರತಿ ತಟ್ಟೆ ಎದುರು ಬಂದಾಗ ಅಲ್ಲ. ಹಿಂದಿನ ದಿನವೇ ಮ್ಯಾನೇಜರ್ ಹತ್ತಿರ ಹೋಗಿ, ‘ಸಾರ್, ನಾಳೆ ಬೆಳಿಗ್ಗೆ ಬೇಗ ಬರ್ತೀನಿ. ತಕ್ಕಡಿ, ಗ್ರೇಡರ್ ಒರೆಸೋದು, ಕುರ್ಚಿ ಹಾಕೋದು, ಊಟದ ವ್ಯವಸ್ಥೆ ನನಗೆ ಬಿಡಿ. ಪೂಜೆ ಹೊತ್ತಲ್ಲಿ ಪಕ್ಕದಲ್ಲೇ ನಿಂತಿರ್ತೀನಿ, ಆರತಿ ತಗೊಳ್ಳಲ್ಲ, ತಪ್ಪು ತಿಳೀಬೇಡಿ’ ಎನ್ನಿ. ವಂತಿಗೆ ಕೇಳಿದರೆ ಊಟದ ಖರ್ಚಿಗೆ ಎಂದು ಉಳಿದವರಷ್ಟೇ ಕೊಡಿ, ಒಂದು ರೂಪಾಯಿಯೂ ಕಡಿಮೆ ಬೇಡ. ಪುರಿ-ಕಡಲೆ ಪೊಟ್ಟಣ ತೆಗೆದುಕೊಳ್ಳದಿದ್ದರೆ ಕೈ ಮುಗಿದು ನಕ್ಕು ಬೇಡ ಎನ್ನಿ. ತೆಗೆದುಕೊಂಡು ಕಸದ ಬುಟ್ಟಿಗೆ ಹಾಕಿದ್ದನ್ನು ಯಾರಾದರೂ ಕಂಡರೆ ಮುಂದಿನ ಆಯುಧಪೂಜೆಯವರೆಗೂ ಮರೆಯುವುದಿಲ್ಲ. ಬೂದುಗುಂಬಳ ಒಡೆದ ಮೇಲೆ ಗೇಟಿನ ಮುಂದೆ ಬಿದ್ದ ಹೋಳುಗಳ ಮೇಲೆ ಬೈಕು ಜಾರಿ ಬೀಳುವುದು ಪ್ರತಿ ವರ್ಷದ ಗೋಳು, ಪೊರಕೆ ಹಿಡಿದು ಅದನ್ನು ಬದಿಗೆ ಗುಡಿಸಿ ಒಳಗೆ ಊಟಕ್ಕೆ ಬನ್ನಿ.